ಶಿಕಾಗೋದ ಬ್ರಾಂಜ್‌ವಿಲ್ ಬಡಾವಣೆಯ ಲೇಖಕಿಯರ ಕೃತಿಗಳಲ್ಲಿ ಮೊದಲು ಯಾವುದನ್ನು ಓದಬೇಕು?

ಗ್ವೆಂಡೊಲಿನ್ ಬ್ರೂಕ್ಸ್ ಅವರ ‘ಎ ಸ್ಟ್ರೀಟ್ ಇನ್ ಬ್ರಾಂಜ್‌ವಿಲ್’ (1945) ಕವನ ಸಂಕಲನದಿಂದಲೇ ಆರಂಭಿಸಬೇಕೆಂಬುದು ನನ್ನ ಖಚಿತ ಸಲಹೆ. ಅಮೆರಿಕದ ದಕ್ಷಿಣ ರಾಜ್ಯಗಳಿಂದ ವಲಸೆ ಬಂದ ಕಪ್ಪು ಜನರಿಗೆ ನಗರದ ಬೇರೆಡೆ ಮನೆ ಕೊಡಬಾರದೆಂದು ಬಿಳಿಯ ಮಾಲೀಕರು ಕರಾರು ಮಾಡಿಕೊಂಡಿದ್ದರಿಂದ, ಅವರಲ್ಲಿ ಅನೇಕರು ಈ ಬಡಾವಣೆಯಲ್ಲಿ ಒಂದೇ ಮನೆಯನ್ನು ಹಲವು ಪಾಲು ಮಾಡಿದ ಇಕ್ಕಟ್ಟಿನ ಬಿಡಾರಗಳಲ್ಲಿ ಬದುಕಬೇಕಾಯಿತು. ಅಂತಹ ಕಟ್ಟಡವೊಂದರ ಕುರಿತ ಕವಿತೆಯಲ್ಲಿ, ಈರುಳ್ಳಿಯ ಘಾಟು ಮತ್ತು ಹಜಾರದಲ್ಲಿ ಕೊಳೆಯುತ್ತಿರುವ ನಿನ್ನೆಯ ಕಸದ ನಡುವೆ ಕನಸೊಂದು ತಲೆಯೆತ್ತೀತೇ ಎಂದು ಬ್ರೂಕ್ಸ್ ಕೇಳುತ್ತಾರೆ. ಅಷ್ಟರಲ್ಲಿ ಐದನೆಯ ಬಿಡಾರದವರು ಬಚ್ಚಲಿನಿಂದ ಹೊರಬಂದುದರಿಂದ, ಉಗುರುಬೆಚ್ಚಗಿನ ನೀರಾದರೂ ಸಿಕ್ಕೀತೆಂಬ ಆಸೆಗೆ ಮನಸ್ಸು ಹೊರಳುತ್ತದೆ. ಬಡತನವನ್ನು ಇಷ್ಟು ಹತ್ತಿರದಿಂದ, ಕನಿಕರ ಬೇಡದೆ ಹೇಳಿದ ಪದ್ಯಗಳು ಅಪರೂಪ. 1950ರಲ್ಲಿ ‘ಆನೀ ಅಲೆನ್’ ಸಂಕಲನಕ್ಕಾಗಿ ಅವರು ಪುಲಿಟ್ಜರ್ ಪ್ರಶಸ್ತಿ ಪಡೆದರು. ಅದನ್ನು ಪಡೆದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ.

ಕಾವ್ಯ ಒಗ್ಗದವರು ಅವರ ‘ಮಾಡ್ ಮಾರ್ತಾ’ (1953) ಎಂಬ ಕಿರು ಕಾದಂಬರಿಯನ್ನು ಕೈಗೆತ್ತಿಕೊಳ್ಳಬಹುದು. ಬೋನಿಗೆ ಬಿದ್ದ ಇಲಿಯನ್ನು ನಾಯಕಿ ಬಿಟ್ಟುಬಿಡುವ ಪುಟ್ಟ ಅಧ್ಯಾಯವೊಂದೇ ಸಾಕು, ಆಕೆಯ ಅಂತಃಕರಣ ತಿಳಿಯಲು.

ಬಳಿಕ ಲೊರೇನ್ ಹ್ಯಾನ್ಸ್‌ಬೆರಿ ಅವರ ‘ಎ ರೈಸಿನ್ ಇನ್ ದ ಸನ್’ (1959) ನಾಟಕವನ್ನು ಓದಿ. ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳಲು ಹೊರಟ ಕುಟುಂಬದ ಕಥೆಯದು. ಅಂತಹುದೇ ಮನೆಗಾಗಿ ಲೇಖಕಿಯ ತಂದೆ ಸುಪ್ರೀಂ ಕೋರ್ಟಿನವರೆಗೆ ಹೋರಾಡಿ 1940ರಲ್ಲಿ ಗೆದ್ದಿದ್ದರು.