ಗುಂಪು ಬಿಡಬೇಕು ಅಂತ ಬಂದ ಬೈಕ್ ಸವಾರ

ಇದು ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ವಿಷಯ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

"ಮೇಡಂ, ಒಂದು ಮೆಸೇಜ್ ಬರೆಯೋಕೆ ಸಹಾಯ ಮಾಡ್ತೀರಾ?" ಬಂದು ಕೂತ ತಕ್ಷಣ ಅವರು ಕೇಳಿದ್ದು ಇದನ್ನೇ. ಯಾರಿಗೆ ಅಂತ ಕೇಳಿದೆ. "ನಮ್ಮ ಬೈಕ್ ಗ್ರೂಪಿಗೆ. ಬಿಟ್ಟು ಹೋಗ್ತಿದ್ದೀನಿ ಅಂತ ಹೇಳಬೇಕು. ಆದರೆ ಅವರಿಗೆ ಬೇಜಾರಾಗಬಾರದು."

ವಯಸ್ಸು 43. ಲೆಕ್ಕಪತ್ರದ ಕೆಲಸ. ಹೆಂಡತಿ, ಒಬ್ಬ ಮಗ. ನನ್ನ ಬಳಿ ಬರುವ ಎಂಟು ತಿಂಗಳ ಮುಂಚೆ ಒಂದು ಬೆಳಿಗ್ಗೆ ಕಾಲು ಜೋಮು ಹಿಡಿದ ಹಾಗೆ ಆಗಿತ್ತು. ಮೂರನೇ ದಿನ ಮೆಟ್ಟಿಲು ಹತ್ತೋಕೆ ಆಗಲಿಲ್ಲ. ಐದನೇ ದಿನ ಕೈಯಲ್ಲೂ ಶಕ್ತಿ ಇರಲಿಲ್ಲ. ವೈದ್ಯರು ಗಿಲನ್-ಬಾರೆ ಸಿಂಡ್ರೋಮ್ ಅಂದರು. ಚುಟುಕಾಗಿ ಜಿಬಿಎಸ್. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ನಮ್ಮ ನರಗಳ ಮೇಲೆ ಬೀಳುವ ಕಾಯಿಲೆ ಇದು. ಬಹಳ ಸಲ ಪಾದದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಇವರಿಗೆ ಉಸಿರಾಟದ ತನಕ ಏರಿತ್ತು. ಹನ್ನೊಂದು ದಿನ ವೆಂಟಿಲೇಟರ್‌ನಲ್ಲಿದ್ದರು.

ಆ ದಿನಗಳಲ್ಲಿ ಗುಂಪಿನವರು ಮಾಡಿದ್ದನ್ನು ಅವರ ಬಾಯಲ್ಲೇ ಕೇಳಬೇಕು. ರಾತ್ರಿ ಪಾಳಿ ಹಾಕಿಕೊಂಡು ಐಸಿಯು ಹೊರಗೆ ಕೂತರು. ದುಡ್ಡು ಸೇರಿಸಿದರು. ಮಗನನ್ನು ಶಾಲೆಗೆ ಬಿಟ್ಟು ಕರೆತಂದರು. ಇವರ ಬೈಕನ್ನೂ ಮರೆಯಲಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಬ್ಯಾಟರಿ ಬಿಚ್ಚಿಟ್ಟು, ಚೈನಿಗೆ ಎಣ್ಣೆ ಹಚ್ಚಿ, ಹದಿನೈದು ದಿನಕ್ಕೊಮ್ಮೆ ಬಂದು ಒರೆಸಿ ಹೋದರು. ಇಂಥವರನ್ನು ಬಿಡಬೇಕು ಅಂತ ಯಾಕೆ ಅನ್ನಿಸಿತು?

ಕಾರಣ ಒಂದು ತಾರೀಖು. ಕಾಯಿಲೆ ಬಂದು ಒಂದು ವರ್ಷ ತುಂಬುವ ಭಾನುವಾರ "ಕಮ್‌ಬ್ಯಾಕ್ ರೈಡ್" ಅಂತ ಗುಂಪು ತೀರ್ಮಾನಿಸಿತ್ತು. ಲೀಡ್ ಇವರೇ ಮಾಡಬೇಕು. ಟೀ ಶರ್ಟ್ ಕೂಡ ಪ್ರಿಂಟ್ ಆಗಿತ್ತು. ಪ್ರತಿ ವಾರ ರೈಡ್ ಮುಗಿದ ಮೇಲೆ ವಿಡಿಯೊ ಬರುತ್ತಿತ್ತು. "ಬೇಗ ಬಾ ಗುರು, ನಿನ್ನ ಜಾಗ ಖಾಲಿ ಇಟ್ಟಿದ್ದೀವಿ" ಅಂತ ಎಲ್ಲರೂ ಒಟ್ಟಿಗೆ ಕೂಗುವುದು. ಇವರು ವಿಡಿಯೊ ನೋಡಿ ಒಂದು ನಗುವ ಚಿಹ್ನೆ ಕಳಿಸಿ ಫೋನ್ ಮಗುಚಿ ಇಡುತ್ತಿದ್ದರು.

ಅವರ ಕೈ ನೋಡಿದೆ. ಎಡಗೈ ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಬೆರಳ ತುದಿಯಲ್ಲಿ ಸ್ಪರ್ಶವೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅಂಗಿ ಗುಂಡಿಯನ್ನು ಕಣ್ಣಿಂದ ನೋಡಿಕೊಂಡೇ ಹಾಕಬೇಕಿತ್ತು. ಮೋಟಾರ್ ಸೈಕಲ್ ಅನ್ನೋದು ಎರಡು ಕೈ, ಎರಡು ಕಾಲೂ ಕೆಲಸ ಮಾಡಬೇಕಾದ ಗಾಡಿ. ಎಡಗೈಗೆ ಕ್ಲಚ್, ಎಡಗಾಲಿಗೆ ಗೇರ್, ಬಲಗೈಗೆ ಥ್ರಾಟಲ್ ಮತ್ತು ಮುಂದಿನ ಬ್ರೇಕ್, ಬಲಗಾಲಿಗೆ ಹಿಂದಿನ ಬ್ರೇಕ್. ನಿಂತಾಗ ಅಷ್ಟೂ ಭಾರ ಕಾಲಿನ ಮೇಲೆ. ಈ ಕಾಯಿಲೆ ಹಿಡಿದಿದ್ದು ಸರಿಯಾಗಿ ಅದೇ ಜಾಗಗಳನ್ನು.

ಎರಡನೇ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. "ಬೈಕ್ ಮಾರಿಬಿಡುವ ಯೋಚನೆ ಬಂದಿದೆಯಾ?" ಅಂತ ಕೇಳಿದೆ. ಹೊರೆ ಕಡಿಮೆಯಾಗಲಿ ಅನ್ನೋದು ನನ್ನ ಉದ್ದೇಶವಾಗಿತ್ತು. ಅವರು ಏನೂ ಹೇಳಲಿಲ್ಲ. ಮುಂದಿನ ವಾರ ಬರಲೂ ಇಲ್ಲ. ನಾನೇ ಫೋನ್ ಮಾಡಿ, ಆ ಪ್ರಶ್ನೆ ಆಗ ಕೇಳಬಾರದಿತ್ತು ಅಂತ ಒಪ್ಪಿಕೊಂಡೆ. ಅದಾದ ಮೇಲೆ ಬಂದಾಗಲೇ ಅವರು ನಿಜವಾದ ವಿಷಯ ಹೇಳಿದ್ದು.

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಬೈಕ್ ಹತ್ತಿರ ಹೋಗಿದ್ದರು. ಕ್ಲಚ್ ಹಿಡಿದರು. ನಾಲ್ಕು ಬೆರಳು ಸೇರಿಸಿ ಎಳೆದರೂ ಲಿವರ್ ಅರ್ಧಕ್ಕೇ ನಿಂತಿತು. ಆದರೂ ಮನಸ್ಸು ಕೇಳಲಿಲ್ಲ. ಸ್ಟ್ಯಾಂಡಿನಿಂದ ಇಳಿಸಿದರು. ಗಾಡಿ ಬಲಕ್ಕೆ ವಾಲಿತು. ಕಾಲು ತಡೆಯಲಿಲ್ಲ. ಗಾಡಿಯ ಜೊತೆ ಅವರೂ ಬಿದ್ದರು. ಪಕ್ಕದ ಮನೆಯ ಹುಡುಗ ಬಂದು ಎತ್ತಿದ. ಒಡೆದ ಕನ್ನಡಿಗೆ ಮಗನ ಚೆಂಡು ತಗುಲಿತು ಅಂತ ಹೆಂಡತಿಗೆ ಸುಳ್ಳು ಹೇಳಿದರು.

"ಅವರು ನನಗೆ ಇಷ್ಟು ಮಾಡಿದ್ದಾರೆ ಮೇಡಂ. ಆ ದಿನ ನಾನು ಬೈಕ್ ಓಡಿಸದೆ ಹೋದರೆ ಅವರ ಋಣ ಹೇಗೆ ತೀರಿಸ್ಲಿ?"

ಈ ಮಾತಿನ ಮೇಲೆ ನಾವು ಮೂರು ಭೇಟಿ ಕಳೆದೆವು. ಚೇತರಿಸಿಕೊಳ್ಳುವುದು ಅವರಿಗೆ ತಮ್ಮ ಸ್ವಂತ ಕೆಲಸವಾಗಿ ಉಳಿದಿರಲಿಲ್ಲ. ಕಂತು ಕಟ್ಟಬೇಕಾದ ಸಾಲವಾಗಿತ್ತು. ತಾರೀಖು ಹತ್ತಿರ ಬಂದಷ್ಟೂ ವ್ಯಾಯಾಮ ಜಾಸ್ತಿ ಮಾಡುತ್ತಿದ್ದರು. ಜಾಸ್ತಿ ಮಾಡಿದಷ್ಟೂ ಮಾರನೇ ದಿನ ಹಾಸಿಗೆಯಿಂದ ಏಳೋಕೆ ಆಗುತ್ತಿರಲಿಲ್ಲ. ಜಿಬಿಎಸ್ ಬಂದವರಲ್ಲಿ ಈ ಸುಸ್ತು ತುಂಬಾ ಸಾಮಾನ್ಯ. ಶಕ್ತಿ ಮರಳಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಹೊರಗಿನವರ ಕಣ್ಣಿಗೆ ಅದು ಕಾಣೋದಿಲ್ಲ. ಬಂದವರೆಲ್ಲ "ಈಗ ಆರಾಮಾಗಿ ಕಾಣ್ತಿದ್ದೀಯ" ಅಂತಾರೆ. ಸುಸ್ತಾಗಿದೆ ಅಂದರೆ ಸೋಮಾರಿತನ ಅಂದುಕೊಳ್ಳುತ್ತಾರೇನೋ ಅನ್ನೋ ಭಯ ಇವರಿಗೆ.

ಜೀವ ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅನ್ನೋದು ತಪ್ಪು ತಿಳಿವಳಿಕೆ. "ಸಾಯಬೇಕು ಅಂತಲ್ಲ. ಆದರೆ ಐಸಿಯುನಲ್ಲೇ ಮುಗಿದಿದ್ದರೆ ಎಲ್ಲರಿಗೂ ಸುಲಭ ಆಗ್ತಿತ್ತು ಅಂತ ರಾತ್ರಿ ಅನ್ಸುತ್ತೆ" ಅಂದರು. ವೆಂಟಿಲೇಟರ್ ಶಬ್ದ ಕನಸಲ್ಲಿ ಕೇಳಿ ಎಚ್ಚರವಾಗುತ್ತಿತ್ತು. ಮನೋವೈದ್ಯರ ಹತ್ತಿರ ಕಳಿಸಿದೆ. ಅಲ್ಲಿ ಚಿಕಿತ್ಸೆ ಶುರುವಾಗಿ ನಿದ್ದೆ ಸುಧಾರಿಸಿದ ಮೇಲೆ ನಮ್ಮ ಮಾತುಕತೆಗೂ ಜೀವ ಬಂತು.

ಅವರಿಗೆ ನಾನು ಕೊಟ್ಟ ಮೊದಲ ಸಲಹೆ, ಆ ತಾರೀಖನ್ನು ಕ್ಯಾಲೆಂಡರಿನಿಂದ ತೆಗೆಯುವುದು. ನರದ ಎಳೆಗೇ ಪೆಟ್ಟಾಗಿದ್ದರೆ ಅದು ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದದ ತನಕ ಹೆಚ್ಚುಕಡಿಮೆ 1 ಮೀಟರ್ ದಾರಿ ಇದೆ. ಪಾದ ಕೊನೆಗೆ ಚೇತರಿಸಿಕೊಳ್ಳೋದು ಅದಕ್ಕೇ. ಲೆಕ್ಕದವರಲ್ವಾ, ಈ ಲೆಕ್ಕ ಅವರಿಗೆ ತಕ್ಷಣ ಹಿಡಿಸಿತು. "ಅಂದ್ರೆ ನಾನು ಎಷ್ಟು ತಳ್ಳಿದ್ರೂ ಅದು ಎರಡು ಮಿಲಿಮೀಟರ್ ಹೋಗಲ್ಲ" ಅಂದರು. ಹೋಗಲ್ಲ. ಸುಸ್ತಾಗುವ ಮುಂಚೆಯೇ ನಿಲ್ಲಿಸಬೇಕು. ಎಷ್ಟು ಹೊತ್ತಿಗೆ ಏನು ಮಾಡಿದೆ, ಮಾರನೇ ದಿನ ಹೇಗಿದ್ದೆ ಅಂತ ಒಂದು ಪುಸ್ತಕದಲ್ಲಿ ಬರೆದಿಡಲು ಹೇಳಿದೆ. ಅದನ್ನು ಫಿಸಿಯೋಥೆರಪಿಸ್ಟ್‌ಗೆ ತೋರಿಸಿ ವ್ಯಾಯಾಮದ ಅಳತೆ ಬದಲಿಸಿಕೊಂಡರು.

ಎರಡನೆಯದು, ಗುಂಪು ಬಿಡುವ ಮೆಸೇಜ್ ಈಗ ಬರೆಯೋದು ಬೇಡ. ಅದರ ಬದಲು ನಿಜ ಹೇಳುವ ಒಂದು ಮೆಸೇಜ್ ಬರೆಯೋಣ ಅಂದೆ. ಅದಕ್ಕೆ ನಾಲ್ಕು ವಾರ ಹಿಡಿಯಿತು. ಕೊನೆಗೆ ಕಳಿಸಿದ್ದು ಇಷ್ಟೇ: "ನನ್ನ ಕೈಗೆ ಕ್ಲಚ್ ಹಿಡಿಯೋಕೆ ಆಗ್ತಿಲ್ಲ. ಯಾವಾಗ ಆಗತ್ತೋ ಗೊತ್ತಿಲ್ಲ. ತಾರೀಖು ಇಟ್ಟಿರೋದು ನನಗೆ ಭಾರ ಆಗ್ತಿದೆ. ಆದರೆ ನೀವು ಬೇಕು." ಕನ್ನಡಿ ಒಡೆದದ್ದನ್ನು ಹೆಂಡತಿಗೆ ಹೇಳಿದ್ದೂ ಅದೇ ದಿನ.

ಹೆಂಡತಿಗೆ ಆ ವಿಷಯ ಮೊದಲೇ ಗೊತ್ತಿತ್ತು. ಪಕ್ಕದ ಮನೆಯ ಹುಡುಗ ಹೇಳಿದ್ದ. ಅವತ್ತೇ ಅವರು ಬೈಕಿನ ಕೀ ಬಚ್ಚಿಟ್ಟಿದ್ದರು. ಕೀ ಕಾಣೆಯಾಗಿದ್ದು ಇವರಿಗೂ ಗೊತ್ತಿತ್ತು. ಇಬ್ಬರೂ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಇಬ್ಬರನ್ನೂ ಜೊತೆಗೆ ಕೂರಿಸಿದಾಗ ಅವರು ತಮ್ಮ ಕಷ್ಟ ಹೇಳಿಕೊಂಡರು. "ಅವರ ಸ್ನೇಹಿತರು ಒಳ್ಳೆಯವರು ಮೇಡಂ. ಆದರೆ ದಿನಾ ಯಾರಾದರೂ ಬರ್ತಾರೆ. ನನಗೆ ಒಂದು ಸಂಜೆ ಸುಮ್ನೆ ಕೂತು ಅಳೋಕೂ ಆಗಲ್ಲ." ರೋಗಿಯ ಸುತ್ತ ಜನ ಸೇರಿದಾಗ ಮನೆಯವರ ದಣಿವು ಯಾರ ಗಮನಕ್ಕೂ ಬರೋದಿಲ್ಲ. ಅವರಿಗೆ ಬೈಕ್ ಕಂಡರೇ ಭಯವಾಗುತ್ತಿತ್ತು. ಆ ಭಯವನ್ನು ನಾನು ಕಳೆಯಲು ಹೋಗಲಿಲ್ಲ. ಹನ್ನೊಂದು ದಿನ ಗಂಡನ ಉಸಿರಿಗಾಗಿ ಕಾದವರಿಗೆ ಭಯಪಡುವ ಹಕ್ಕಿದೆ. ಕೀಯನ್ನು ಮತ್ತೆ ಅದರ ಮೊಳೆಗೇ ನೇತುಹಾಕುವುದು, ಒಬ್ಬರೇ ಇದ್ದಾಗ ಇವರು ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಬಾರದು. ಇಷ್ಟಕ್ಕೆ ಇಬ್ಬರೂ ಒಪ್ಪಿದರು.

ಆಮೇಲೆ ಗುಂಪಿನಿಂದ ಮೂವರು ಬಂದರು. ಇವರ ಒಪ್ಪಿಗೆ ಇತ್ತು, ಇವರೂ ಕೂತಿದ್ದರು. ಗುಂಪಿನ ಹಿರಿಯರ ಮುಖ ಸಪ್ಪಗಿತ್ತು. "ನಾವು ಎಲ್ಲಿ ತಪ್ಪಿದ್ವಿ ಮೇಡಂ? ಹುರುಪು ತುಂಬೋಣ ಅಂತ ಮಾಡಿದ್ದು." ತಪ್ಪು ಯಾರದ್ದೂ ಅಲ್ಲ ಅಂದೆ. ನಿಮ್ಮ ರೈಡ್ ಹೇಗೆ ನಡೆಯತ್ತೆ ಹೇಳಿ ಅಂತ ಕೇಳಿದೆ. ನನಗೆ ಬೈಕಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಅವರು ಉತ್ಸಾಹದಿಂದ ವಿವರಿಸಿದರು. ಮುಂದೆ ಲೀಡ್. ಹೊಸಬರು, ನಿಧಾನ ಇರುವವರು ಅವನ ಹಿಂದೆಯೇ. ಅವರ ವೇಗವೇ ಇಡೀ ಗುಂಪಿನ ವೇಗ. ಒಬ್ಬೊಬ್ಬರ ನಡುವೆ ಎರಡು ಸೆಕೆಂಡಿನಷ್ಟಾದರೂ ಅಂತರ. ಎಲ್ಲರಿಗಿಂತ ಕೊನೆಗೆ ಸ್ವೀಪ್. ಯಾರಾದರೂ ನಿಂತರೆ ಅವನೂ ನಿಲ್ಲಬೇಕು.

"ಸ್ವೀಪ್ ಹಾರನ್ ಹೊಡೀತಾನಾ?" ಅಂತ ಕೇಳಿದೆ.

"ಇಲ್ಲ ಇಲ್ಲ, ಮುಂದಿನವನಿಗೆ ಗಾಬರಿ ಆಗತ್ತೆ" ಅಂದ ಕಿರಿಯ ಹುಡುಗ ಅಲ್ಲಿಗೇ ನಿಲ್ಲಿಸಿದ. ಸ್ವಲ್ಪ ಹೊತ್ತು ಬಿಟ್ಟು ಇವರ ಕಡೆ ತಿರುಗಿ, "ಅಣ್ಣ, ನಾವು ಹಾರನ್ ಹೊಡೀತಾನೇ ಇದ್ವಿ ಅಲ್ವಾ?" ಅಂದ. ಹಿರಿಯರು ಕಣ್ಣು ಒರೆಸಿಕೊಂಡರು. ನಾನು ಹೇಳಬೇಕಾದ್ದು ಹೆಚ್ಚೇನೂ ಉಳಿಯಲಿಲ್ಲ.

ಆದರೂ ಕೆಲವು ಸಲಹೆ ಕೊಟ್ಟೆ. ಮನೆಗೆ ವಾರಕ್ಕೆ ಎರಡೇ ದಿನ, ಮೊದಲೇ ಕೇಳಿ ಹೋಗುವುದು, ಅರ್ಧ ಗಂಟೆಯಲ್ಲಿ ಏಳುವುದು. ಆರೋಗ್ಯ ವಿಚಾರಿಸಲು ಹೆಂಡತಿಗೆ ಹತ್ತು ಜನ ಫೋನ್ ಮಾಡುವ ಬದಲು ಒಬ್ಬರು ಕೇಳಿ ಉಳಿದವರಿಗೆ ತಿಳಿಸುವುದು. "ಏನಾದರೂ ಬೇಕಾದರೆ ಹೇಳಿ" ಅನ್ನೋದಕ್ಕಿಂತ "ಗುರುವಾರ ಫಿಸಿಯೋಥೆರಪಿಗೆ ನಾನು ಕರೆದುಕೊಂಡು ಹೋಗಲಾ?" ಅಂತ ಕೇಳುವುದು. ಮೊದಲನೆಯದಕ್ಕೆ ಯಾರೂ ಉತ್ತರ ಕೊಡೋದಿಲ್ಲ. ಇನ್ನೊಂದು, ಸುಮ್ನೆ ಅವರನ್ನು ಖುಷಿಪಡಿಸಲು ಇಲ್ಲದ ಹುದ್ದೆ ಹುಟ್ಟಿಸಬೇಡಿ ಅಂದೆ. ಕನಿಕರಕ್ಕೆ ಕೊಟ್ಟ ಕೆಲಸ ಯಾವುದು ಅಂತ ಕಾಯಿಲೆಯಲ್ಲಿರುವವರಿಗೆ ಬೇಗ ಗೊತ್ತಾಗುತ್ತದೆ.

ಬೈಕ್ ಮತ್ತೆ ಹತ್ತುವ ವಿಷಯವನ್ನೂ ಬಿಡಿಸಿ ಮಾತಾಡಿದೆವು. ಅದು ನನ್ನ ತೀರ್ಮಾನವಲ್ಲ, ಗುಂಪಿನದ್ದೂ ಅಲ್ಲ. ನರರೋಗ ತಜ್ಞರು ಒಪ್ಪಬೇಕು. ಲೈಸೆನ್ಸ್ ಮತ್ತು ವಿಮೆಗೆ ಕಾಯಿಲೆಯ ವಿಷಯ ತಿಳಿಸಬೇಕಾ ಅಂತ ವಿಚಾರಿಸಬೇಕು. ನರನೋವಿಗೆ ಕೊಡುವ ಮಾತ್ರೆಗಳಲ್ಲಿ ಕೆಲವು ಮಂಪರು ತರುತ್ತವೆ. ಅದನ್ನು ವೈದ್ಯರ ಬಳಿ ಕೇಳದೆ ಹ್ಯಾಂಡಲ್ ಹಿಡಿಯಬಾರದು, ಹಾಗಂತ ಮಾತ್ರೆಯನ್ನು ತಾವೇ ನಿಲ್ಲಿಸಲೂಬಾರದು. ಒಂದು ಸಲ ಕ್ಲಚ್ ಎಳೆದರೆ ಸಾಲದು, ವಾಹನ ದಟ್ಟಣೆಯಲ್ಲಿ ಅರ್ಧ ಗಂಟೆ ಮತ್ತೆ ಮತ್ತೆ ಎಳೆಯುವ ಶಕ್ತಿ ಬೇಕು. ಮುಂದೆ ಅಷ್ಟು ಬಾರದೇ ಹೋದರೂ ಹಗುರ ಕ್ಲಚ್, ಹತ್ತಿರಕ್ಕೆ ಹೊಂದಿಸುವ ಲಿವರ್, ಎತ್ತರ ಕಡಿಮೆ ಇರುವ ಸೀಟು, ಕ್ಲಚ್ಚೇ ಇಲ್ಲದ ಗಾಡಿ ಅಂತ ದಾರಿಗಳಿವೆ. ಈ ದಾರಿಗಳನ್ನೆಲ್ಲ ನನಗೆ ಹೇಳಿಕೊಟ್ಟವರು ಇವರೇ. ಹೇಳುವಾಗ ಮೊದಲ ಸಲ ಇವರ ದನಿ ಗಟ್ಟಿಯಾಗಿತ್ತು.

ಆ ಭಾನುವಾರ ಗುಂಪು ಇವರ ಮನೆ ಮುಂದೆ ಬರಲಿಲ್ಲ. ಎಂದಿನ ಹಾಗೆ ತಮ್ಮ ರೈಡ್‌ಗೆ ಹೋದರು. ದಾರಿ ಗುರುತಿಸಿ ಕೊಟ್ಟವರು ಇವರು. ಮೊದಲೂ ಆ ಕೆಲಸ ಇವರದ್ದೇ ಆಗಿತ್ತು. ಎಲ್ಲಿ ಪೆಟ್ರೋಲ್, ಎಲ್ಲಿ ನಿಲ್ಲಬೇಕು, ಕತ್ತಲಾಗುವ ಮುಂಚೆ ಎಲ್ಲಿಗೆ ತಲುಪಬೇಕು ಅನ್ನೋದರಲ್ಲಿ ಇವರ ಲೆಕ್ಕ ತಪ್ಪಿದ್ದಿಲ್ಲವಂತೆ.

ಕಿರಿಯ ಹುಡುಗ ಈಗ ತಿಂಗಳಿಗೆರಡು ಸಲ ಬರುತ್ತಾನೆ, ಗಾಡಿ ರಿಪೇರಿ ಕಲಿಯೋಕೆ. ಇವರು ಕುರ್ಚಿಯಲ್ಲಿ ಕೂತು ಹೇಳುತ್ತಾರೆ, ಅವನು ಮಾಡುತ್ತಾನೆ. ಕಳೆದ ಭೇಟಿಯಲ್ಲಿ ಇವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಅವತ್ತು ವಾಲ್ವ್ ಕ್ಲಿಯರೆನ್ಸ್, ಅಂದರೆ ಎಂಜಿನ್ನಿನ ವಾಲ್ವಿನ ಹತ್ತಿರ ಬಿಟ್ಟಿರುವ ಸಣ್ಣ ಸಂದಿ, ನೋಡುತ್ತಿದ್ದರಂತೆ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಫೀಲರ್ ಗೇಜ್ ಅಂತ ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿ ಇರುತ್ತದೆ. ಅದನ್ನು ಸಂದಿಗೆ ತೂರಿಸಿ ಎಳೆದರೆ ಸ್ವಲ್ಪವೇ ಹಿಡಿದ ಹಾಗೆ ಆಗಬೇಕು. ಅದು ಕಣ್ಣಿಗೆ ಕಾಣೋದಲ್ಲ, ಬೆರಳಿಗೆ ಗೊತ್ತಾಗಬೇಕು. ಹುಡುಗನಿಗೆ ಅನುಮಾನ ಬಂದು, "ಅಣ್ಣ, ಒಂದ್ಸಲ ನೀವೇ ನೋಡಿ" ಅಂದ. ಇವರು ಬೇಡ ಅನ್ನಬೇಕು ಅಂದುಕೊಂಡರು. ಆದರೂ ಕುರ್ಚಿ ಹತ್ತಿರ ಎಳೆದುಕೊಂಡು, ಪಟ್ಟಿಯ ತುದಿ ಹಿಡಿದು, ಕಣ್ಣು ಮುಚ್ಚಿ ಎಳೆದರು.

"ಹಿಡೀತಿದೆ" ಅಂದರು.

ಹುಡುಗ ಅದನ್ನು ವಾಲ್ವಿನ ಮಾತು ಅಂದುಕೊಂಡು ನಟ್ ಬಿಗಿ ಮಾಡಿದ.