ಭೀಮರಾಯರ ಹೊಟ್ಟೆ ಸೀಳದ ಮಾನಿಟರ್

ಬೀದರಿನಲ್ಲಿ ಕುಳಿತು ಹಗಲೆಲ್ಲ ಕನ್ನಡ ಟೈಪಿಂಗ್ ಮತ್ತು ಎಕ್ಸೆಲ್, ರಾತ್ರಿ ಒಂದೆರಡು ತಾಸು ಆಟ, ಕೈಯಲ್ಲಿ 18,000 ರೂಪಾಯಿ. 27 ಇಂಚಿನ, ಬಾಗಿದ, 165 ಹರ್ಟ್ಸ್‌ನ (ಅಂದರೆ ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಫುಲ್ ಎಚ್‌ಡಿ ಮಾನಿಟರ್ ತೆಗೆದುಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ನಾನು ಅದನ್ನೇ ತೆಗೆದುಕೊಂಡಿದ್ದೆ.

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಕರಪತ್ರ, ಪ್ರಶ್ನೆಪತ್ರಿಕೆ, ಜಾತ್ರೆ ಬಂದರೆ ಬ್ಯಾನರ್. ಹಳೆಯ ಪರದೆಯ ನಡುವೆ ಹಸಿರು ಗೆರೆ ಬಿದ್ದಾಗ, ಇಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲೇ ಒಂದು ಕೊಂಡಿದ್ದರೆ ಆಗುತ್ತಿತ್ತು. ನನಗೆ ಅಗ್ಗದ ಆಸೆ. ರೈಲು ಹತ್ತಿ ಸಿಕಂದರಾಬಾದಿನ ಪಾರ್ಕ್ ಲೇನಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಅಂಗಡಿಗಳು ಮಹಡಿಯ ಮೇಲೆ ಮಹಡಿ ತುಂಬಿಕೊಂಡಿವೆ. ಒಂದು ಅಂಗಡಿಯ ಗೋಡೆಯ ಮೇಲೆ ಹತ್ತಾರು ಪರದೆಗಳಲ್ಲಿ ಒಂದೇ ಗಿಳಿ ರೆಕ್ಕೆ ಬಿಚ್ಚುತ್ತಿತ್ತು. ಆರಡಿ ದೂರದಲ್ಲಿ ನಿಂತು ನೋಡಿದೆ. ಎಲ್ಲಕ್ಕಿಂತ ದೊಡ್ಡ ಗಿಳಿ, ಎಲ್ಲಕ್ಕಿಂತ ಕೆಂಪು ಗಿಳಿ ಯಾವ ಪರದೆಯಲ್ಲಿತ್ತೋ ಅದಕ್ಕೇ ಬೆರಳು ತೋರಿಸಿದೆ. ಏಳುನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದೆನೆಂದುಕೊಂಡೆ. ವಿಕಾರಾಬಾದ್, ತಾಂಡೂರು, ಚಿತ್ತಾಪುರ, ವಾಡಿ, ಅಷ್ಟು ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಟಿವಿಯೇ ಎಂದು ಕೇಳಿದವರಿಗೆಲ್ಲ ಅಲ್ಲ ಎಂದು ಹೇಳುತ್ತಾ ಬಂದೆ.

ಮೊದಲ ಎರಡು ತಿಂಗಳು ಬಹಳ ಖುಷಿಯಲ್ಲಿದ್ದೆ. ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು ಅಣ್ಣನ ಮಗನೂ ನಾನೂ ಕಾರು ಓಡಿಸುತ್ತಿದ್ದೆವು. ಆಮೇಲೆ ಬಂತು ಆ ಲಗ್ನಪತ್ರಿಕೆ.

600 ಪ್ರತಿ. ನಮ್ಮ ಕಡೆಯ ಲಗ್ನಪತ್ರಿಕೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ವಧುವರರ ಹೆಸರು ನಾಲ್ಕು ಸಾಲು, ಉಳಿದದ್ದೆಲ್ಲ ಬಳಗ. ಕೆಳಗೆ ಸಣ್ಣ ಅಕ್ಷರದಲ್ಲಿ ವಧುವಿನ ಸೋದರಮಾವ ಭೀಮರಾಯ ಎಂದು ಬರಬೇಕಿತ್ತು. 'ಬೀಮರಾಯ' ಎಂದು ಅಚ್ಚಾಯಿತು. ಸೋದರಮಾವನೇ ಖುದ್ದಾಗಿ ಅಂಗಡಿಗೆ ಬಂದರು. ಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ತಮ್ಮಾ, ಪಾಂಡವರಲ್ಲಿ ಅಲ್ಪಪ್ರಾಣದವನು ಯಾರು?" ಎಂದು ಕೇಳಿದರು. ನನಗೆ ತಿಳಿಯಲಿಲ್ಲ. "ಭೀಮನನ್ನು ಹಿಡಿದು ಅಲ್ಪಪ್ರಾಣ ಮಾಡಿದ್ದೀಯಲ್ಲ, ಹೊಟ್ಟೆ ಸೀಳುವುದನ್ನು ಶಾಲೆಯಲ್ಲಿ ಕಲಿಸಲಿಲ್ಲವೇ?" ಎಂದರು. ಜಗಳವಾಡಿದ್ದರೆ ವಾಸಿಯಿತ್ತು. ಅವರು ಜಗಳವಾಡಲಿಲ್ಲ, ಚಹಾ ಕುಡಿದು ಹೋದರು. 600 ಪ್ರತಿಯನ್ನೂ ನನ್ನ ಖರ್ಚಿನಲ್ಲಿ ಮತ್ತೆ ಅಚ್ಚು ಹಾಕಿಸಿದೆ. ಪಾರ್ಕ್ ಲೇನಿನಲ್ಲಿ ಉಳಿಸಿದ ಏಳುನೂರು ಎಲ್ಲಿಗೆ ಹೋಯಿತು ಎಂದು ಹೇಳಬೇಕಿಲ್ಲ.

ಬೆರಳು ತಪ್ಪಿದ್ದು ನನ್ನದೇ, ಮಾನಿಟರ್ ತಾನಾಗಿ ಅಕ್ಷರ ಬದಲಿಸುವುದಿಲ್ಲ. ಆದರೆ ಆ ಪುಟವನ್ನು ನಾನು ಮೂರು ಸಲ ಓದಿದ್ದೆ. ಮೂರು ಸಲವೂ ಅಲ್ಲಿ ಭೀಮನೇ ಕಂಡಿದ್ದ.

ನನ್ನ ಗೆಳೆಯನೊಬ್ಬ ಎರಡು ಅಂಗಡಿ ಆಚೆ ಇನ್‌ಪೇಜ್ ಎಂಬ ತಂತ್ರಾಂಶದಲ್ಲಿ ಉರ್ದು ಡಿಟಿಪಿ ಮಾಡುತ್ತಾನೆ. ಅವನ ಬದುಕೆಲ್ಲ ನುಕ್ತೆಗಳ ಮೇಲೆ ನಿಂತಿದೆ. ಕೆಳಗೆ ಒಂದು ಚುಕ್ಕೆ ಇದ್ದರೆ ಬೇ, ಮೂರಿದ್ದರೆ ಪೇ, ಮೇಲೆ ಎರಡಿದ್ದರೆ ತೇ. ಅವನು ಬಂದು ನನ್ನ ಪರದೆಯ ಮುಂದೆ ಕುಳಿತು, ಅದೇ ಸಣ್ಣ ಗಾತ್ರದಲ್ಲಿ ಬ ಭ ಬ ಬ ಭ ಎಂದು ಬೆರಕೆ ಮಾಡಿ ಟೈಪ್ ಮಾಡುವಂತೆ ಹೇಳಿ, ಎಣಿಸು ಎಂದ. ಎಣಿಕೆ ತಪ್ಪಿತು. ಅದೇ ಕಡತವನ್ನು ನನ್ನ 15.6 ಇಂಚಿನ ಲ್ಯಾಪ್‌ಟಾಪಿನಲ್ಲಿ ತೆರೆದು, ಅಕ್ಷರ ಅಷ್ಟೇ ದೊಡ್ಡದಾಗಿ ಕಾಣುವಂತೆ ಹಿಗ್ಗಿಸಿದೆವು. ಈ ಸಲ ಎಣಿಕೆ ಸರಿ ಬಂತು. ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದಿದ್ದೆ, ಆ ಖರ್ಚು ಉಳಿಯಿತು.

ಕಾರಣ ಸರಳ ಲೆಕ್ಕ. ಎರಡೂ ಫುಲ್ ಎಚ್‌ಡಿ, ಎಂದರೆ ಎರಡು ಪರದೆಯಲ್ಲೂ ಇರುವುದು ಅದೇ 1920 ಅಡ್ಡ, 1080 ಉದ್ದ ಪಿಕ್ಸೆಲ್, ಚಿತ್ರ ಕಟ್ಟುವ ಚುಕ್ಕೆಗಳು. 15.6 ಇಂಚಿನಲ್ಲಿ ಹರಡಿದರೆ ಇಂಚಿಗೆ ಸುಮಾರು 141, 24 ಇಂಚಿನಲ್ಲಿ 92, 27 ಇಂಚಿನಲ್ಲಿ 82. ಒಂದೇ ಸೇರು ಹಿಟ್ಟಿನಿಂದ ದೊಡ್ಡ ರೊಟ್ಟಿ ತಟ್ಟಿದ ಹಾಗೆ, ನಡುವೆ ತೂತು ಬೀಳುತ್ತದೆ. ಇನ್ನು ಪುಟ ಕಟ್ಟುವವನ ಕಷ್ಟ ಕೇಳಿ. ಎ4 ಪುಟವನ್ನು ಪೂರ್ತಿ ಕಾಣುವಂತೆ ಪರದೆಗೆ ಕೂರಿಸಿದರೆ, ಮೇಲಿನ ಕೆಳಗಿನ ಪಟ್ಟಿಗಳು ನುಂಗಿದ್ದು ಕಳೆದು, 11 ಪಾಯಿಂಟಿನ ಅಕ್ಷರಕ್ಕೆ ಸುಮಾರು 12 ಪಿಕ್ಸೆಲ್ ಎತ್ತರ ಸಿಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕಾಗಬಹುದು. ನಮ್ಮದು ಹಾಗಲ್ಲವಲ್ಲ. ಆ ಹನ್ನೆರಡರೊಳಗೆ ತಲೆಕಟ್ಟು, ಗುಡಿಸು, ಮೈ, ಅದರ ಕೆಳಗೆ ಒತ್ತು ಎಲ್ಲ ಬರಬೇಕು. 'ಸ್ತ್ರೀ', 'ರಾಷ್ಟ್ರ' ಎಂದರೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಭ ಅಕ್ಷರದ ಹೊಟ್ಟೆ ಸೀಳುವ ಆ ಗೀಟಿಗೆ ಉಳಿಯುವುದು ಒಂದು ಪಿಕ್ಸೆಲ್, ಅದೂ ಅರ್ಧ ಬೂದು ಬಣ್ಣದ್ದು. ಕಣ್ಣಿಗೆ ಕಾಣದ್ದನ್ನು ಮನಸ್ಸು ತಾನೇ ಹಾಕಿಕೊಳ್ಳುತ್ತದೆ. ದ-ಧ, ಡ-ಢ, ಪ-ಫ ಎಲ್ಲಕ್ಕೂ ಇದೇ ಗತಿ.

ವಿಂಡೋಸ್‌ನಲ್ಲಿ ಎಲ್ಲವನ್ನೂ 125 ಪ್ರತಿಶತಕ್ಕೆ ಹಿಗ್ಗಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ನಾನೂ ಮಾಡಿದೆ. ಆಗ ಕೆಲಸಕ್ಕೆ ಉಳಿಯುವ ಜಾಗ 1536 ಅಡ್ಡ, 864 ಉದ್ದ. ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶದ ಪಟ್ಟಿ, ಪುಟ ಕಟ್ಟುವ ಕೋರೆಲ್‌ನ ಸಲಕರಣೆಗಳು, ಪುಟ ಎಲ್ಲ ಒಂದರ ಮೇಲೊಂದು ಹತ್ತಿ ಕುಳಿತವು. ದೊಡ್ಡ ಪರದೆ ತಂದು ಸಣ್ಣ ಪರದೆ ಮಾಡಿಕೊಂಡಂತಾಯಿತು. ಪರದೆ ಬಾಗಿದ್ದರಿಂದ ಇನ್ನೊಂದು ಪೇಚು: ಅಂಚಿನ ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಪ್ರತಿ ಸಲ ಅನುಮಾನ. ಎಕ್ಸೆಲ್‌ನ ಗೆರೆಗಳಲ್ಲೂ ನಿಮಗೆ ಇದೇ ಅನುಭವವಾಗುತ್ತದೆ.

ಹಿಂದಿರುಗಿಸಬಹುದಿತ್ತಲ್ಲ ಎನ್ನಬೇಡಿ. ಆ ಡಬ್ಬಿ ಹೊತ್ತು ಮತ್ತೆ ವಾಡಿ ದಾಟುವ ಶಕ್ತಿ ನನಗಿರಲಿಲ್ಲ. ಅಂಗಡಿಯವನಾದರೂ ಸುಳ್ಳು ಹೇಳಿರಲಿಲ್ಲ. ನಾನು ಗಿಳಿ ನೋಡಿ ಕೊಂಡೆ, ಅವನು ಗಿಳಿ ತೋರಿಸಿ ಮಾರಿದ. ದಿನವಿಡೀ ಎರಡಡಿ ದೂರದಲ್ಲಿ ಕುಳಿತು ಕದಲದ ಕಪ್ಪು ಅಕ್ಷರ ನೋಡುವವನು, ಆರಡಿ ದೂರದಿಂದ ಹಾರುವ ಹಕ್ಕಿ ನೋಡಿ ತೀರ್ಮಾನ ಮಾಡಿದ್ದೇ ತಪ್ಪು.

ಈಗ ನಿಮ್ಮ 'ಆಟಕ್ಕೂ ಆಗಬೇಕು' ಎಂಬ ಮಾತಿಗೆ ಬರುತ್ತೇನೆ. ಇದನ್ನು ಒಪ್ಪುವುದು ನನಗೆ ಸ್ವಲ್ಪ ನಾಚಿಕೆಯ ವಿಷಯ. ಆ 165 ಹರ್ಟ್ಸ್‌ನ ಮಾನಿಟರನ್ನು ನಾನು ಎಂಟು ತಿಂಗಳು 60 ಹರ್ಟ್ಸ್‌ನಲ್ಲೇ ಓಡಿಸಿದೆ. ವಿಂಡೋಸ್ ಅನೇಕ ಸಲ ಹೊಸ ಪರದೆಯನ್ನು 60ರಲ್ಲೇ ಇಟ್ಟುಬಿಡುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನ ಒಳಗೆ ಅಡ್ವಾನ್ಸ್‌ಡ್ ಎಂಬಲ್ಲಿ ಹೋಗಿ ನಾವೇ ಬದಲಿಸಬೇಕು. ಎಂಟು ತಿಂಗಳು ಆಟ ಆಡಿದ ನನಗಾಗಲಿ, ತನ್ನನ್ನು ದೊಡ್ಡ ಆಟಗಾರನೆಂದುಕೊಂಡ ಅಣ್ಣನ ಮಗನಿಗಾಗಲಿ ಏನೂ ಕೊರತೆ ಕಾಣಲಿಲ್ಲ. ಬದಲಿಸಿದ ಮೇಲೆ ಮೌಸ್ ನಯವಾಗಿ ಓಡಿದ್ದು ನಿಜ. 60ರಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಂತರೆ, 100ರಲ್ಲಿ 10, 165ರಲ್ಲಿ 6 ಮಿಲಿಸೆಕೆಂಡ್. 60ರಿಂದ 100ಕ್ಕೆ ಏರಿದ್ದು ಕಣ್ಣಿಗೆ ತಿಳಿಯುತ್ತದೆ, ಅದರಾಚೆಯದು ಪಂದ್ಯ ಕಟ್ಟಿ ಆಡುವವರಿಗೆ. ಮೇಲಾಗಿ ಕಂಪ್ಯೂಟರಿನಲ್ಲಿ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ನನ್ನದು ಜಿಟಿಎಕ್ಸ್ 1650. ಭಾರದ ಆಟಗಳಲ್ಲಿ ಅದು ಸೆಕೆಂಡಿಗೆ 165 ಚಿತ್ರ ಕೊಡುವುದೇ ಇಲ್ಲ. ಬಾವಿಯಲ್ಲಿ ನೀರಿಲ್ಲದೆ ದೊಡ್ಡ ಮೋಟಾರು ಕೂರಿಸಿದರೆ ಏನು ಬಂತು? ನಿಮ್ಮ ಕಾರ್ಡ್ ಯಾವುದೆಂದು ನೀವು ಬರೆದೇ ಇಲ್ಲ. ಕಾರ್ಡಿನ ಮಾತಿಲ್ಲದೆ ಹರ್ಟ್ಸ್ ಕೇಳಿದ್ದೀರಿ ಎಂದರೆ ನಿಮ್ಮ ಆಟಕ್ಕೆ ಹರ್ಟ್ಸ್ ಮುಖ್ಯವಲ್ಲ ಎಂದೇ ನಾನು ತಿಳಿಯುತ್ತೇನೆ.

ಆ ದರದ ಬಾಗಿದ ಪರದೆಗಳಲ್ಲಿ ಹೆಚ್ಚಿನವು ವಿಎ ಎಂಬ ಬಗೆಯ ಪ್ಯಾನಲ್ಲಿನವು. ಕಪ್ಪು ಚೆನ್ನಾಗಿ ಕಪ್ಪಾಗಿರುತ್ತದೆ, ಸಿನಿಮಾಕ್ಕೆ ಒಳ್ಳೆಯದು. ಆದರೆ ಕತ್ತಲಲ್ಲಿ ಏನಾದರೂ ಓಡಿದರೆ ಹಿಂದೆ ಮಸಿ ಬಳಿದಂತೆ ನೆರಳು ಎಳೆಯುತ್ತದೆ. ಬಣ್ಣ ಬದಲಾಗಲು 1 ಮಿಲಿಸೆಕೆಂಡ್ ಸಾಕು ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಎಳೆಯುತ್ತದೆ. ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಾಗಿ ತೋರಿಸುತ್ತೇನೆನ್ನುವ ಎಚ್‌ಡಿಆರ್ ಎಂಬ ಚೀಟಿಯನ್ನೂ ಈ ದರದಲ್ಲಿ ನಂಬಬೇಡಿ. 250 ನಿಟ್ಸ್ ಬೆಳಕಿನ ಪರದೆ ಎಂತಹ ಎಚ್‌ಡಿಆರ್ ತೋರಿಸೀತು?

ನನ್ನ ಮಾತು ಕೇಳುವುದಾದರೆ 27 ಇಂಚು ಬೇಕೇ ಬೇಕೆಂದರೆ 2560 ಅಡ್ಡ 1440ರದ್ದು, ಐಪಿಎಸ್ ಎಂಬ ಇನ್ನೊಂದು ಬಗೆಯ ಪ್ಯಾನಲ್ಲಿನದು, ಸಪಾಟಾದದ್ದು, 100 ಹರ್ಟ್ಸ್ ಇದ್ದರೂ ಸಾಕು. ಇಂಚಿಗೆ 109 ಪಿಕ್ಸೆಲ್ ಬೀಳುತ್ತದೆ. ಅದೇ ಎ4 ಪುಟದ ಅಕ್ಷರಕ್ಕೆ 12ರ ಬದಲು 17ರ ಹತ್ತಿರ ಸಿಗುತ್ತದೆ, ಎಕ್ಸೆಲ್‌ನಲ್ಲೂ ಮೂರನೇ ಒಂದರಷ್ಟು ಹೆಚ್ಚು ಸಾಲು ಕಾಣುತ್ತದೆ. ನೀವು ಹೇಳಿದ ಹಣದ ಆಸುಪಾಸಿನಲ್ಲಿ ಹುಡುಕಿದರೆ ಸಿಗುತ್ತದೆ. ಆಟಕ್ಕೆ ಕಾರ್ಡ್ ಸೋತರೆ ಆಟವನ್ನು ಮಾತ್ರ 1080ಕ್ಕೆ ಇಳಿಸಿ ಆಡಿ. ತುಸು ಮಸುಕಾಗುತ್ತದೆ, ಕಾರು ಓಡಿಸುವಾಗ ಯಾರೂ ಅಕ್ಷರ ಓದುವುದಿಲ್ಲ. ಹಣ ಸಾಲದಿದ್ದರೆ 24 ಇಂಚಿನ ಫುಲ್ ಎಚ್‌ಡಿ ಐಪಿಎಸ್ ತೆಗೆದುಕೊಂಡು ಉಳಿದದ್ದನ್ನು ಯುಪಿಎಸ್‌ಗೆ ಹಾಕಿ. ಪಿಕ್ಸೆಲ್ ಲೆಕ್ಕ 27ರಷ್ಟೇ ಇದ್ದರೂ ಒಂದೊಂದು ಪಿಕ್ಸೆಲ್ಲಿನ ಕಾಳು ಸಣ್ಣದು, ಕಣ್ಣಿಗೆ ಹಿತ. 27 ಇಂಚಿನಲ್ಲಿ ಫುಲ್ ಎಚ್‌ಡಿ ಮಾತ್ರ ಯಾರು ಬಿಟ್ಟಿ ಕೊಟ್ಟರೂ ಕನ್ನಡ ಕೆಲಸಕ್ಕೆ ಬೇಡ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಒಂದು ಕನ್ನಡ ಪುಟ ಒಯ್ಯಿರಿ. ಗಿಳಿಯನ್ನು ನಿಲ್ಲಿಸಿ ಅದನ್ನು ತೆರೆಯಲು ಹೇಳಿ, ಕುರ್ಚಿ ಕೇಳಿ ಪಡೆದು ಎರಡಡಿ ದೂರದಲ್ಲಿ ಕುಳಿತು ಓದಿ. ಅಂಗಡಿಯವನು ಮುಖ ಸಿಂಡರಿಸಿದರೆ ಬೇರೆ ಅಂಗಡಿಗೆ ಹೋಗಿ. ನಾನು ಈಗಿನ ಮಾನಿಟರನ್ನು ಹಾಗೆಯೇ ಕೊಂಡೆ. ಪೆನ್‌ಡ್ರೈವ್‌ನಲ್ಲಿದ್ದ ಪುಟ ಯಾವುದೆಂದು ಊಹಿಸಿರುತ್ತೀರಿ.

ಸ್ಟ್ಯಾಂಡ್ ಮೇಲೆ ಕೆಳಗೆ ಸರಿಯುವಂತಿರಲಿ. ನನ್ನ ಹಳೆಯದು ಸರಿಯುತ್ತಿರಲಿಲ್ಲ, ಕೆಳಗೆ ಎರಡು ರೀಮ್ ಕಾಗದ ಇಟ್ಟಿದ್ದೆ. ಸುಗ್ಗಿಯ ದಿನ ಕಾಗದ ತೀರಿದಾಗ ಒಂದು ರೀಮ್ ಎಳೆದುಕೊಂಡು, ಸಂಜೆಯವರೆಗೆ ಕತ್ತು ಬಗ್ಗಿಸಿ ಕೂರುತ್ತಿದ್ದೆ. ಪರದೆಯನ್ನು ಕಿಟಕಿಗೆ ಎದುರಾಗಿ ಇಡಬೇಡಿ. ನೆಲಕ್ಕೆ ಶಹಾಬಾದ್ ಕಲ್ಲು ಹಾಕಿಸಿ ಉಜ್ಜಿಸಿದ್ದರೆ ಏಪ್ರಿಲ್‌ನ ಮಧ್ಯಾಹ್ನ ಬಿಸಿಲು ನೆಲದಿಂದಲೂ ಎದ್ದು ಬರುತ್ತದೆ.

ಇನ್ನು ವಾರಂಟಿ. ಮೂರು ವರ್ಷ ಎಂದು ಬರೆದಿರುವುದು ಸರಿ, ನಿಮ್ಮ ಬೀದರಿನ ಪಿನ್‌ಕೋಡ್ 585401ಕ್ಕೆ ಮನೆಗೆ ಬಂದು ನೋಡುತ್ತಾರೋ ಅಥವಾ ನೀವೇ ಹೈದರಾಬಾದಿಗೆ ಹೊತ್ತೊಯ್ಯಬೇಕೋ ಎಂದು ಹಣ ಕೊಡುವ ಮುನ್ನ ಫೋನ್ ಮಾಡಿ ಕೇಳಿ. ಡಬ್ಬಿಯನ್ನೂ ಒಳಗಿನ ಥರ್ಮಾಕೋಲನ್ನೂ ಎಸೆಯಬೇಡಿ. ನನ್ನ ಡಬ್ಬಿಯನ್ನು ಮಳೆಗಾಲದಲ್ಲಿ ಸೋರುವ ಕಡೆ ಅಡ್ಡ ಇಟ್ಟಿದ್ದೆ. ಸರ್ವಿಸ್‌ನವರು ಮೊದಲು ಕೇಳಿದ್ದು ಅದನ್ನೇ.