ಹೆಪ್ಪಿಗೆ ಆರು ಸಾಲು

ನಮಸ್ಕಾರ.

ರಕ್ತ ಹುಟ್ಟಿಸುವ ಕೋಶಗಳನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸುವ ಬಗ್ಗೆ ನೀವು ಬರೆದ ‘ತಟ್ಟೆಯಲ್ಲಿ ರಕ್ತದ ಬೆಳೆ’ ಲೇಖನ ತಲುಪಿತು. ವಿಷಯ ಒಳ್ಳೆಯದು, ಬರವಣಿಗೆ ಸಲೀಸಾಗಿದೆ. ಆದರೆ ಎರಡನೇ ಪ್ಯಾರಾಕ್ಕೆ ಬಂದಾಗ ನನಗೆ ಸಿಟ್ಟೇ ಬಂತು. ಮೊದಲು ಅದರ ಬಗ್ಗೆ ಬರೆಯುತ್ತೇನೆ.

ನಿಮ್ಮ ಸಾಲು: ‘2019ರಲ್ಲಿ ನ್ಯೂಯಾರ್ಕಿನ ಪಾಲ್ ಫ್ರೆನೆಟ್ ತಂಡ ಮೂಳೆಮಜ್ಜೆಯ ಕಾಂಡಕೋಶಕ್ಕೆ ಐದು ಜೀನ್ ಸೇರಿಸಿ ಅದನ್ನು ರಕ್ತವಾಗಿಸಿತು.’ ಆಗಿಸಲಿಲ್ಲ ಮಾರಾಯರೇ. ಕಾಂಡಕೋಶ ಅಂದರೆ ಬೇರೆ ಕೋಶಗಳನ್ನು ಹುಟ್ಟಿಸುವ ಮೂಲಕೋಶ. ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶವೇ ಬೇರೆ, ಮೆಸೆಂಕೈಮಲ್ ಕಾಂಡಕೋಶವೇ ಬೇರೆ. ಈ ಎರಡನೆಯದು ಮೂಳೆಯೋ ಕೊಬ್ಬೋ ಆಗಬಲ್ಲದು. ಜತೆಗೆ, ಪಕ್ಕದಲ್ಲೇ ಇದ್ದು ಮೊದಲನೆಯದನ್ನು ಸಾಕುತ್ತದೆ. ಜೀನ್ ಹಾಕಿದ್ದು ಸಾಕುವವರಿಗೆ. ತಟ್ಟೆಯಲ್ಲಿ ಏಳು ಪಟ್ಟು ಹೆಚ್ಚಿದ್ದು ಸಾಕಿಸಿಕೊಂಡವರು, ಅಂದರೆ ರಕ್ತ ಹುಟ್ಟಿಸುವ ಕಾಂಡಕೋಶಗಳು.

ಮುಂದಿನ ಸಾಲು: ‘ಹಾಲಿಗೆ ಹೆಪ್ಪು ಹಾಕಿದ ಹಾಗೆ.’ ಹೆಪ್ಪು ಮೊಸರಲ್ಲೇ ಸೇರಿಹೋಗುತ್ತೆ, ಅಲ್ವಾ? ಇಲ್ಲಿ ಸಾಕುವ ಕೋಶ ಕೊನೆವರೆಗೂ ರಕ್ತ ಆಗುವುದೇ ಇಲ್ಲ. ಅದು ಬಾಣಂತನಕ್ಕೆ ಬಂದ ಅಜ್ಜಿ. ಎಣ್ಣೆ, ನೀರು, ಹೊಗೆ ಎಲ್ಲ ಅವಳದೇ, ಮಗು ಮಾತ್ರ ಅವಳದಲ್ಲ. ನೀವು ಹೆಪ್ಪನ್ನು ಆರು ಸಾಲು ಎಳೆದಿದ್ದೀರಿ. ಒಂದೊಂದು ಸಾಲಿಗೂ ತಪ್ಪು ಜಾಸ್ತಿಯಾಗುತ್ತಾ ಹೋಗಿದೆ.

ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ‘ಲಿವರ್ ಅಂದರೆ ವಿಷ ಸೋಸುವ ಜರಡಿ’ ಅಂತ ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಎಲೆಯಡಿಕೆ ಜಗಿಯುತ್ತಾ ಕೇಳಿದರು: ‘ಜರಡಿಯಲ್ಲಿ ಉಳಿದದ್ದನ್ನ ಎಲ್ಲಿ ಕೊಡವುತ್ತೆ?’ ನಾನು ಸುಮ್ನೆ ನಿಂತೆ. ಲಿವರ್ ವಿಷವನ್ನು ಹಿಡಿದಿಡುವುದಲ್ಲ, ಒಡೆದು ಬೇರೇನೋ ಮಾಡಿ ಕಳಿಸುತ್ತದೆ ಅನ್ನುವುದು ಗೊತ್ತಾಗಲು ಎರಡು ದಿನ ಲೈಬ್ರರಿಯಲ್ಲಿ ಕೂರಬೇಕಾಯಿತು. ಆ ಹಾಳೆ ನಾಲ್ಕು ಸಲ ವಾಪಸು ಬಂತು. ನಾಲ್ಕನೇ ಸಲ ಅದರ ಮೇಲೆ ಅಡಿಕೆಯ ಕಲೆಯೂ ಇತ್ತು.

ಇನ್ನೊಂದು. ‘ಇಲಿ’ ಅನ್ನುವ ಪದ ನಿಮ್ಮ ಲೇಖನದ ಕೊನೆಯ ಪ್ಯಾರಾದಲ್ಲಿ ಮೆಲ್ಲಗೆ ಇಣುಕುತ್ತದೆ. ಅದನ್ನು ಮೇಲಕ್ಕೆ ತನ್ನಿ. ವಿಕಿರಣಕ್ಕೆ ಸಿಕ್ಕಿ ಸಾಯಬೇಕಿದ್ದ ಇಲಿಗಳು ಹೀಗೆ ಬೆಳೆಸಿದ ಕೋಶಗಳಿಂದ ಬದುಕಿಕೊಂಡವು. ಅದೇನು ಸಣ್ಣ ಸುದ್ದಿಯೇ? ಬಚ್ಚಿಡುವುದು ಯಾಕೆ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಮಾತು. ಮೂಳೆಯೊಳಗೆ ಅಷ್ಟು ಚೆನ್ನಾಗಿ ಸಾಕುವ ಈ ಕೋಶ, ಹೊರಗೆ ತೆಗೆದು ತಟ್ಟೆಯಲ್ಲಿ ಬೆಳೆಸಿದರೆ ಸಾಕುವುದನ್ನೇ ಮರೆಯುತ್ತದೆ. ಆ ಐದು ಜೀನ್ ಮಾಡಿದ್ದು ಮರೆತ ಕೆಲಸವನ್ನು ನೆನಪಿಸಿದ್ದು, ಅಷ್ಟೇ. ಇದಕ್ಕೆ ನೀವು ಕೊಟ್ಟಿರುವುದು ಅರ್ಧ ಸಾಲು. ಅದೂ ಬ್ರಾಕೆಟ್ಟಿನೊಳಗೆ.